ನೋಡದ್ದಕ್ಕೆ ಸಹಿ ಇಲ್ಲ

ನಾಗಪುರ
೬ ಏಪ್ರಿಲ್ ೨೦೨೫

ಅಪ್ಪಾ,

ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಏನೂ ಆಗಿಲ್ಲ. ಕಾಗದ ಅಂದರೆ ನೀನು ಹೆದರುತ್ತೀಯ ಅಂತ ಗೊತ್ತು. ಅತ್ತಿ ಆರಾಮ, ನಾನು ಆರಾಮ, ಗ್ಯಾಸ್ ಬಂದ್ ಮಾಡಿದ್ದೇವೆ.

ವಿಡಿಯೋ ಕಾಲ್ ಇರುವಾಗ ಕಾಗದ ಯಾಕೆ ಅನ್ನುತ್ತೀಯ. ಯಾಕೆಂದರೆ ಕಾಲ್‌ನಲ್ಲಿ ನಾವು ಮಾತಾಡುವುದೇ ಇಲ್ಲ. ನೀನು "ಊಟ ಆತೇನು?" ಅಂತೀಯ, ನಾನು "ಆತು" ಅಂತೀನಿ. "ಗ್ಯಾಸ್ ಬಂದ್ ಮಾಡೀರೇನು?" ಅಂತೀಯ, "ಮಾಡೀವಿ" ಅಂತೀನಿ. ಆಮೇಲೆ ಅತ್ತಿ, ನಿನ್ನ ಅಕ್ಕ ತಾನೆ, ಫೋನ್ ಕಸಿದುಕೊಂಡು, ಫೋನೇ ಇಲ್ಲದೆ ಇಟಲಿಗೆ ಕೇಳಲಿ ಅನ್ನುವ ಹಾಗೆ "ಭೀಮ್ಯಾ, ಸ್ವೆಟರ್ ಹಾಕ್ಕೊಂಡೀಯೇನೋ?" ಅಂತ ಕೂಗುತ್ತಾಳೆ. ಕಾಲ್ ಮುಗಿಯಿತು.

ಚಾಟ್‌ನಲ್ಲಿ ಕೇಳಿದರೆ ಹೆಬ್ಬೆರಳು ಕಳಿಸುತ್ತೀಯ. ಹೋದ ತಿಂಗಳು ಒಬ್ಬ ಹೆಂಗಸಿನ ಚಿತ್ರ ಕಳಿಸಿ "ಅಪ್ಪಾ, ಇದನ್ನು ಚೆನ್ನಾಗಿ ನೋಡು" ಅಂದಾಗಲೂ ಎರಡು ನೀಲಿ ಗೆರೆ, ಒಂದು ಹೆಬ್ಬೆರಳು. ಹೆಬ್ಬೆರಳಿಗೆ ನಾನು ಏನಂತ ಉತ್ತರ ಕೊಡಲಿ? ಕಾಗದಕ್ಕೆ ಹೆಬ್ಬೆರಳು ಕಳಿಸಲು ಬರುವುದಿಲ್ಲ. ಅದಕ್ಕೇ ಕಾಗದ. (ಒತ್ತಕ್ಷರ ಸೊಟ್ಟಗಿದ್ದರೆ ಬೈಯಬೇಡ. ಭಾನುವಾರ ಕೂರಿಸಿಕೊಂಡು ಕಲಿಸಿದವನು ನೀನೇ.)

ಹನ್ನೆರಡನೆಯದರ ಪರೀಕ್ಷೆ ಮುಗಿದ ಮೇಲೆ ಇಲ್ಲಿ ಮಾಡಲು ಏನೂ ಇಲ್ಲ. ಕೂಲರಿನ ಸದ್ದು, ಅತ್ತಿಯ ಗೊರಕೆ, ಏರ್‌ಪೋರ್ಟಿನಿಂದ ಏಳುವ ವಿಮಾನ. ವಿಮಾನ ತಲೆಯ ಮೇಲೆ ಬಂದಾಗ ಮಾತು ನಿಲ್ಲಿಸುವುದು ನಮ್ಮ ಮನೆಯ ರೂಢಿ ತಾನೆ? ಈಗ ನಿಲ್ಲಿಸಲು ಮಾತೇ ಇರುವುದಿಲ್ಲ.

ನನ್ನ ಗ್ರೂಪ್ ಇದೆ, ಅರಮನೆ ಮ್ಯೂಸಿಯಮ್ಮುಗಳ ಹುಚ್ಚರ ಗ್ರೂಪ್. ಪೋರ್ಚುಗಲ್ಲಿನ ಒಬ್ಬ ಟೀಚರ್, ಲಖನೌದ ಒಬ್ಬ ಡೆಂಟಿಸ್ಟ್, ಎಲ್ಲಿಯವರು ಅಂತ ಹೇಳದ ನೂರಾರು ಜನ. ಯಾವ ರಾಜನ ಸಂಗ್ರಹ ಯಾವ ಕೋಣೆಯಲ್ಲಿದೆ ಅಂತ ದಿನವಿಡೀ ಹೊಡೆದಾಡುತ್ತೇವೆ. ಇಟಲಿಯ ಅರಮನೆಗಳ ಮೆಟ್ಟಿಲು ನನಗೆ ಇಲ್ಲಿಯ ಸೀತಾಬರ್ಡಿ ಬಜಾರಿನ ಗಲ್ಲಿಗಳಿಗಿಂತ ಚೆನ್ನಾಗಿ ಗೊತ್ತು. ಹತ್ತಿದ್ದು ಮಾತ್ರ ಒಂದೂ ಇಲ್ಲ. ಅದಕ್ಕೇ, ಮಿಹಾನ್‌ನ ವಿಮಾನ ರಿಪೇರಿ ಕಂಪನಿಯಿಂದ ನಿನ್ನನ್ನು ಟ್ರೇನಿಂಗ್‌ಗೆ ಟ್ಯೂರಿನ್‌ಗೆ ಕಳಿಸುತ್ತಾರೆ ಅಂದಾಗ ನಾನು ಕುಣಿದದ್ದು. ನೀನು ಜೋಳದ ಹಿಟ್ಟು ಸಿಗುವುದಿಲ್ಲ ಅಂತ ಮುಖ ಸಣ್ಣದು ಮಾಡಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಅಲ್ಲಿಯ ಅರಮನೆಯಲ್ಲಿ, ರಾಜರು ಕೂಡಿಟ್ಟ ಚಿತ್ರಗಳ ಸಾಲಿನ ಕೊನೆಗೆ, ಬಾಗಿಲ ಪಕ್ಕ ಒಂದು ಸಣ್ಣ ಚಿತ್ರವಿದೆ, ನಾನು ಕಳಿಸಿದ್ದು ಅದನ್ನೇ. ಬರೆದವರು ಯಾರೋ ಗೊತ್ತಿಲ್ಲ, ಅದರಲ್ಲಿರುವ ಹೆಂಗಸೂ ಯಾರೋ ಗೊತ್ತಿಲ್ಲ. ರಾಣಿಯಂತೂ ಅಲ್ಲ, ಮೈಮೇಲೆ ಒಂದು ಮಣಿಯೂ ಇಲ್ಲ. ಕಂದು ಬಟ್ಟೆ, ತಲೆಗೆ ಕಿವಿ ಮುಚ್ಚುವ ವಸ್ತ್ರ, ಕೈಯಲ್ಲಿ ಒಂದು ನಿಂಬೆಹಣ್ಣು. ಒಳಗಿನಿಂದ ಯಾರೋ ಕರೆದಾಗ "ಬಂದೆ" ಅನ್ನುವ ಮುಂಚಿನ ಮುಖ.

ಹೋದ ತಿಂಗಳು ಅದನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆ. ಅತ್ತಿ ಸೌಟು ಹಿಡಿದು ಹಿಂದಿನಿಂದ ಹೋಗುತ್ತಿದ್ದವಳು ಗಕ್ಕನೆ ನಿಂತಳು.

"ಅಯ್ಯ ನಮ್ಮವ್ವ! ನಮ್ಮ ನೀಲಾನ ಕಂಡಂಗಾತಲ್ಲ!"

"ಖರೇನ ಅತ್ತಿ? ಅವ್ವ ಹಿಂಗಿದ್ಲೇನು?"

"ನನಗೇನ್ ಕೇಳ್ತಿ, ನಿಮ್ಮಪ್ಪನ್ನ ಕೇಳು. ಅಲ್ಲಿ ಒಗ್ಗರಣಿ ಹೊತ್ತಾಕ್ಹತ್ತೈತಿ."

ಒಗ್ಗರಣೆ ಹೊತ್ತಿರಲಿಲ್ಲ.

ಅಪ್ಪಾ, ನನ್ನ ಹತ್ತಿರ ಅವ್ವನ ಮುಖ ಇಲ್ಲ. ನನಗೆ ಮೂರು ತುಂಬುವ ಮೊದಲೇ ಹೋದಳು. ಪೋಸ್ಟಿಂಗ್‌ನಲ್ಲಿ ಊರು ಬದಲಿಸುವಾಗ ಕರಿ ಟ್ರಂಕಿನೊಳಗೆ ಮಳೆನೀರು ಹೊಕ್ಕು ಆಲ್ಬಮ್ ಪೂರಾ ಇಟ್ಟಿಗೆಯ ಹಾಗೆ ಅಂಟಿಕೊಂಡಿತಂತೆ. ಉಳಿದದ್ದು ಗೋಡೆಯ ಮೇಲಿನದು ಒಂದೇ. ಅದೂ ನಿನ್ನ ಏರ್‌ಫೋರ್ಸ್ ಫ್ಯಾಮಿಲಿ ಕಾರ್ಡಿನ ಸ್ಟ್ಯಾಂಪ್ ಸೈಜಿನದನ್ನು ದೊಡ್ಡದು ಮಾಡಿಸಿದ್ದು. ಸ್ಟುಡಿಯೋದವನು ಮುಖವನ್ನು ಕಣಕದ ಹಾಗೆ ನುಣ್ಣಗೆ ತೀಡಿ, ಕುತ್ತಿಗೆಯ ಕೆಳಗೆ ಯಾರದೋ ಹಸಿರು ಪೈಠಣಿ, ಯಾರದೋ ಭುಜ ಅಂಟಿಸಿದ್ದಾನೆ. ಅದೇ ಸೀರೆ, ಅದೇ ಭುಜ ಕೆಳಗಿನ ಮನೆಯ ದೇಶಪಾಂಡೆ ಆಜಿಯ ಹಾರ ಹಾಕಿದ ಫೋಟೋದಲ್ಲೂ ಇದೆ. ನಾನು ನೋಡಿದ್ದೇನೆ.

ನನ್ನ ಹತ್ತಿರ ಆ ಚಿತ್ರ ಇದೆ, ಅವ್ವನನ್ನು ನೋಡಿದ ಕಣ್ಣಿಲ್ಲ. ನಿನ್ನ ಹತ್ತಿರ ಕಣ್ಣಿದೆ. ಅರಮನೆಗೆ ಹೋಗು. ಅದರ ಮುಂದೆ ನಿಲ್ಲು. ಅವ್ವನ ಹಾಗಿದೆಯೋ ಇಲ್ಲವೋ ಬರೆ. ನನಗೆ ಇನ್ನೇನೂ ಬೇಡ, ಚಾಕೊಲೇಟೂ ಬೇಡ.

ನಿನ್ನ
ಗ್ರೀಷ್ಮಾ

ತಾ.ಕ.: ಚಾಕೊಲೇಟು ಬೇಡ ಅಂದದ್ದು ಸುಳ್ಳು.


ಟ್ಯೂರಿನ್
೨೭-೪-೨೦೨೫

ಅವ್ವಿ ಗ್ರೀಷ್ಮಾ,

ನಿನ್ನ ಕಾಗದ ಮುಟ್ಟಿತು. ಅಕ್ಷರ ಚೆನ್ನಾಗಿವೆ.

ಇಲ್ಲಿ ನಮಗೆ ಕಲಿಸುತ್ತಿರುವುದು ವಿಮಾನದ ತಗಡು ಬಿಚ್ಚದೆ ಒಳಗಿನ ಬಿರುಕು ಹುಡುಕುವುದು. ಯಂತ್ರ ಹಿಡಿದರೆ ಪರದೆಯ ಮೇಲೆ ಗೆರೆ ಬರುತ್ತದೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ರೂಮಿನಲ್ಲಿ ಅನ್ನ ಸಾರು ಮಾಡಿಕೊಳ್ಳುತ್ತೇನೆ. ಕಿಟಕಿಯಿಂದ ಹಿಮದ ಬೆಟ್ಟ ಕಾಣುತ್ತದೆ. ಎದುರು ಮನೆಯಲ್ಲಿ ಒಬ್ಬ ಮುದುಕ ಬಾಲ್ಕನಿಯಲ್ಲಿ ಕೂರುತ್ತಾನೆ. ನಾನು ಕೈ ಎತ್ತುತ್ತೇನೆ, ಅವನೂ ಎತ್ತುತ್ತಾನೆ. ಇಡೀ ದಿನದಲ್ಲಿ ಅದೇ ಮಾತು.

ಅರಮನೆ ಬಸ್ಸಿನಿಂದ ಕಾಣುತ್ತದೆ. ಚಿತ್ರಗಿತ್ರ ನನಗೆ ತಿಳಿಯುವುದಿಲ್ಲ. ಭಾನುವಾರ ಬಟ್ಟೆ ಒಗೆಯುವುದಿರುತ್ತದೆ. ನೋಡೋಣ.

ಬಿಸಿಲಲ್ಲಿ ಮಾರ್ಕೆಟ್ಟಿಗೆ ಹೋಗಬೇಡ ಎಂದು ಅಕ್ಕನಿಗೆ ಹೇಳು. ಕೂಲರಿಗೆ ನೀರು ಹಾಕುವಾಗ ಪ್ಲಗ್ ತೆಗೆದು ಹಾಕು.

ಭೀಮಪ್ಪ


ನಾಗಪುರ
೧೨ ಮೇ ೨೦೨೫

ಅಪ್ಪಾ,

ನಿನ್ನ ಕಾಗದದಲ್ಲಿ ಬೆಟ್ಟ ಇದೆ, ಬಸ್ಸು ಇದೆ, ಪ್ಲಗ್ ಕೂಡ ಇದೆ. ಅವ್ವ ಇಲ್ಲ. ನಾನು ಮೂರು ಸಲ ಹುಡುಕಿದೆ.

"ನೋಡೋಣ" ಅಂದರೆ ನಮ್ಮ ಮನೆಯಲ್ಲಿ "ಇಲ್ಲ" ಅಂತ ಅರ್ಥ. ಸೈಕಲ್‌ಗೂ ನೋಡೋಣ, ಡ್ರಾಯಿಂಗ್ ಕ್ಲಾಸಿಗೂ ನೋಡೋಣ. ಈ ಸಲ ನೋಡೋಣ ಅಂದರೆ ನಿಜಕ್ಕೂ ನೋಡಬೇಕು, ಬೇರೆ ದಾರಿಯೇ ಇಲ್ಲ, ಯಾಕೆಂದರೆ ಅದು ಚಿತ್ರ!

ಒಂಬತ್ತನೇ ತಾರೀಖು ನನ್ನ ಹುಟ್ಟುಹಬ್ಬ ಆಯಿತು. ನಾಗಪುರದ ಮೇ ತಿಂಗಳಲ್ಲಿ ಹುಟ್ಟಿದವಳಿಗೆ ಗ್ರೀಷ್ಮಾ ಅಂತಲ್ಲದೆ ಇನ್ನೇನು ಹೆಸರಿಡುವುದು, ಆ ಹೆಸರು ನಿನ್ನದೋ ಅವ್ವನದೋ ಅಂತಲೂ ನನಗೆ ಗೊತ್ತಿಲ್ಲ. ಗ್ರೂಪ್‌ನಲ್ಲಿ ನಲವತ್ತು ಜನ ಕೇಕಿನ ಚಿತ್ರ ಕಳಿಸಿದರು. ಅತ್ತಿ ಹೋಳಿಗೆ ಮಾಡಿದಳು. ತಿನ್ನಲು ನಾವಿಬ್ಬರೇ. ಉಳಿದದ್ದನ್ನು ಅತ್ತಿ ಕಲ್ಲಂಗಡಿ ಮಾರುವ ಭಾವೂಗೆ ಕೊಟ್ಟಳು. ದಿನಾ ಅವನನ್ನು ಕನ್ನಡದಲ್ಲಿ ಬೈಯುತ್ತಾಳೆ, ಅವನು ಮರಾಠಿಯಲ್ಲಿ ಬೈಸಿಕೊಳ್ಳುತ್ತಾನೆ. ಇಬ್ಬರಿಗೂ ಬರೋಬರ್ ತಿಳಿಯುತ್ತದೆ. ನನಗೆ ಹೊಟ್ಟೆಕಿಚ್ಚಾಗುತ್ತದೆ.

ಅಪ್ಪಾ, ನೀರಿನ ಟಾಕಿ ನೆನಪಿದೆಯಾ? ಸೊಸೈಟಿಯವರು "ಟಾಕಿ ಸಾಫ್ ಆಗಿದೆ, ಇಲ್ಲೊಂದು ಸಹಿ ಹಾಕಿ" ಅಂತ ಬಂದಾಗ ನೀನು ಟಾರ್ಚ್ ಮತ್ತು ಆ ಉದ್ದ ಹಿಡಿಯ ಕನ್ನಡಿ ತಗೊಂಡು ಟೆರೇಸಿಗೆ ಹೋದೆ. "ಕಾಕಾ, ಆಪ್ ಭೀ ನಾ" ಅಂತ ಅವರು ತಲೆ ಚಚ್ಚಿಕೊಂಡರು. ನೀನು ಕೆಳಗಿಳಿದು ಬಂದು "ಮೂಲ್ಯಾಗ ಪಾಚಿ ಐತಿ. ನೋಡದ್ದಕ್ಕ ನಾ ಸಹಿ ಹಾಕಂಗಿಲ್ಲ, ನೋಡಿದ್ದಕ್ಕೂ ಈಗ ಹಾಕಂಗಿಲ್ಲ" ಅಂದೆ. ನನ್ನ ಮಾರ್ಕ್ಸ್ ಕಾರ್ಡಿಗೂ ಅಷ್ಟೇ, ಉತ್ತರಪತ್ರಿಕೆ ಎಲ್ಲ ಓದಿದ ಮೇಲೆಯೇ ಸಹಿ. ಫ್ರಿಜ್ ಮೇಲೆ ಅಂಟಿಸುವ "ಹಾಲು ಕಾಯಿಸಿದೆ" ಚೀಟಿಗೂ ಕೆಳಗೆ "ಭೀಮಪ್ಪ". ನಿನ್ನ ಸಹಿ ಇದ್ದರೆ ಆ ವಿಮಾನದಲ್ಲಿ ಕಣ್ಣು ಮುಚ್ಚಿ ಕೂರಬಹುದು ಅಂತ ನಿನ್ನ ಸ್ಕ್ವಾಡ್ರನ್ನಿನವರು ಹೇಳುತ್ತಿದ್ದರಂತೆ.

ನಾನೂ ಅದನ್ನೇ ಕೇಳುತ್ತಿದ್ದೇನೆ. ನೋಡು, ಬರೆ, ಸಹಿ ಹಾಕು. "ಹೌದು" ಅಂತಾದರೂ ಸರಿ, "ಇಲ್ಲ" ಅಂತಾದರೂ ಸರಿ. ನಿನ್ನ ಸಹಿಯನ್ನು ನಾನು ನಂಬುತ್ತೇನೆ.

ಜೂನ್ ೨ ಅಲ್ಲಿ ರಜೆ, ನಾನು ನೋಡಿಕೊಂಡಿದ್ದೇನೆ. ಬಟ್ಟೆ ಹಿಂದಿನ ದಿನ ಒಗೆ. ದಾರಿಯ ನಕ್ಷೆ ಈ ಹಾಳೆಯ ಹಿಂದೆ ಇದೆ. ಮೊದಲು ಆಯುಧಶಾಲೆಗೆ ಹೋಗು, ಅಲ್ಲಿ ಕುದುರೆಗಳಿವೆ. ಏನು ಅಂತ ಹೇಳುವುದಿಲ್ಲ, ಸಸ್ಪೆನ್ಸ್.

ನಿನ್ನ
ಗ್ರೀಷ್ಮಾ


ಟ್ಯೂರಿನ್
೨-೬-೨೦೨೫

ಅವ್ವಿ ಗ್ರೀಷ್ಮಾ,

ಇವತ್ತು ಅರಮನೆಗೆ ಹೋಗಿದ್ದೆ. ಬಟ್ಟೆ ನಿನ್ನೆಯೇ ಒಗೆದೆ.

ಇವತ್ತಿನ ರಜೆ ಇಲ್ಲಿಯವರು ರಾಜ ಬೇಡ ಎಂದು ವೋಟು ಹಾಕಿದ ದಿನದ ನೆನಪಿಗಂತೆ. ರಾಜನನ್ನು ಕಳಿಸಿದ ದಿನವೇ ಜನ ಮಕ್ಕಳನ್ನು ಕಟ್ಟಿಕೊಂಡು ರಾಜನ ಮನೆ ನೋಡಲು ಸಾಲು ನಿಂತಿದ್ದರು. ನಾನೂ ನಿಂತೆ. ನನ್ನ ಹಿಂದೆ ಮುಂದೆ ಎಲ್ಲರೂ ಜೋಡಿಯಲ್ಲಿ, ಗುಂಪಿನಲ್ಲಿ ಇದ್ದರು. ಟಿಕೆಟ್ ಕೊಡುವವಳು ಒಂದು ಬೆರಳು ತೋರಿಸಿ ಒಬ್ಬರೇ ಏನು ಎಂದು ಕೇಳಿದಳು. ಹೌದು ಎಂದೆ.

ನಿನ್ನ ನಕ್ಷೆಯಲ್ಲಿ ಎಡಕ್ಕೆ ತಿರುಗು ಎಂದಿದ್ದ ಕಡೆ ಹಗ್ಗ ಕಟ್ಟಿದ್ದರು. ಬಲಕ್ಕೆ ಹೋದೆ. ದೊಡ್ಡ ಮೆಟ್ಟಿಲು, ನಡುವೆ ಸವೆದಿದೆ. ಸಿಂಹಾಸನದ ಕೋಣೆಯಲ್ಲಿ ಕೆಂಪು, ಬಂಗಾರ. ಕುರ್ಚಿಯ ಮೇಲೆ ಯಾರೂ ಕೂರದ ಹಾಗೆ ಅಡ್ಡ ಕಟ್ಟಿದ್ದಾರೆ. ಊಟದ ಕೋಣೆಯಲ್ಲಿ ತಟ್ಟೆ ಲೋಟ ಎಲ್ಲ ಇಟ್ಟು ಈಗ ಬರುತ್ತಾರೆ ಎನ್ನುವ ಹಾಗೆ ಅಣಿಮಾಡಿದ್ದಾರೆ. ಅದನ್ನು ಬಹಳ ಹೊತ್ತು ನೋಡಲು ಆಗಲಿಲ್ಲ.

ಆಯುಧಶಾಲೆಯ ಕುದುರೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದೆ. ಮರದ ಕುದುರೆಗೆ ನಿಜ ಕುದುರೆಯ ಚರ್ಮ ಹೊದಿಸಿ, ಮೇಲೆ ಉಕ್ಕಿನ ಕವಚ ಹಾಕಿದ್ದಾರೆ. ಒಳಗೆ ಏನಿಲ್ಲ. ಕವಚದ ಕೆಲಸ ಬಹಳ ಚೆನ್ನಾಗಿದೆ. ಮೊಣಕೈ ಮಡಚುವಲ್ಲಿ ತಗಡಿನ ಮೇಲೆ ತಗಡು ಜಾರುವ ಹಾಗೆ ರಿವೆಟ್ ಹೊಡೆದಿದ್ದಾರೆ. ನಮ್ಮ ವಿಮಾನದ ರಿವೆಟ್ಟಿನ ಅಜ್ಜ ಅದು. ಒಂದರ ಎಡ ತೋಳಿನಲ್ಲಿ ರಿವೆಟ್ ಸುತ್ತ ಕೂದಲೆಳೆಯಷ್ಟು ಬಿರುಕು ಇದೆ. ಕಾವಲಿನ ಹೆಂಗಸಿಗೆ ಬೆರಳು ತೋರಿಸಿ ಹೇಳಿದೆ. ಅವಳು ಗಾಜು ಮುಟ್ಟಬೇಡ ಎಂದು ಬೈದಳು.

ಮಧ್ಯಾಹ್ನ ತೋಟದ ಬೆಂಚಿನ ಮೇಲೆ ಚಪಾತಿ ಶೇಂಗಾ ಚಟ್ನಿ ತಿಂದೆ. ಪಾರಿವಾಳಕ್ಕೂ ಶೇಂಗಾ ಚಟ್ನಿ ಸೇರುತ್ತದೆ.

ಆಮೇಲೆ ಚಿತ್ರಗಳು. ರಾಜ ರಾಣಿಯರೇ ಎಲ್ಲ. ಒಂದರ ಕೆಳಗಿನ ಬರಹವನ್ನು ಫೋನು ಓದಿ ಹೇಳಿತು. ರಾಣಿ ಮುಖಕ್ಕೆ ಮಾತ್ರ ಕೂರುತ್ತಿದ್ದಳಂತೆ. ಮುಖ ಮುಗಿದ ಮೇಲೆ ಅವಳ ಬಟ್ಟೆ ಬೇರೆ ಯಾರಿಗೋ ತೊಡಿಸಿ ಉಳಿದದ್ದು ಬರೆಯುತ್ತಿದ್ದರಂತೆ. ಹಸಿರು ಪೈಠಣಿ ನೆನಪಾಯಿತು. ಆಗಿನಿಂದ ಈಗಿನವರೆಗೆ ಅದೇ ಕಸುಬು.

ಸಾಲಿನ ಕೊನೆಗೆ, ಬಾಗಿಲ ಪಕ್ಕ ಹೋದೆ. ಬಹಳ ಹೊತ್ತು ನಿಂತೆ. ಅಕ್ಕ ಹೇಳಿದ್ದು ಸರಿ. ನಿಮ್ಮ ಅವ್ವನ ಹಾಗೆಯೇ. ಕಪ್ಪು ಅಲ್ಲ, ಬಿಳುಪೂ ಅಲ್ಲ. ಎಡಗಿವಿಯ ಕೆಳಗೆ ಒಂದು ಮಚ್ಚೆ. ಬಲ ಹುಬ್ಬಿನ ತುದಿಗೆ ಕೂದಲಿಲ್ಲದ ಸಣ್ಣ ಗೆರೆ, ಹಳೆಯ ಗಾಯದ್ದು. ಮಾತು ಕೇಳುವಾಗ ತಲೆ ಸ್ವಲ್ಪ ಓರೆ ಮಾಡುವ ಹಾಗೆ. ನಕ್ಕರೆ ಮೊದಲು ಮೂಗು ನಗುವ ಮುಖ.

ಕಾವಲಿನವಳು ಬಂದು ಮುಚ್ಚುವ ಹೊತ್ತಾಯಿತು ಎಂದಳು. ಬಸ್ಸು ಸಿಕ್ಕಿತು. ಮನೆಗೆ ಬಂದಾಗ ಎದುರಿನ ಮುದುಕ ಬಾಲ್ಕನಿಯಲ್ಲಿ ಇರಲಿಲ್ಲ.

ಅಕ್ಕನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಡು. ಗ್ಯಾಸ್ ನೋಡಿಕೊಳ್ಳಿರಿ.


ನಾಗಪುರ
೧೯ ಜೂನ್ ೨೦೨೫

ಅಪ್ಪಾ ಅಪ್ಪಾ ಅಪ್ಪಾ,

ನಿನ್ನ ಕಾಗದವನ್ನು ಗೇಟಿನ ಹತ್ತಿರವೇ ನಿಂತು ಓದಿದೆ. ಪೋಸ್ಟ್‌ಮನ್ "ಕಾಯ್ ಝಾಲಂ ಬೇಟಾ, ರಡತೇಸ್ ಕಾ?" ಅಂದ. ಅಳುತ್ತಿಲ್ಲ, ಬೆವರು ಅಂದೆ. ಅಳುತ್ತಿದ್ದೆ.

ಅತ್ತಿಗೆ ಜೋರಾಗಿ ಓದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಮಚ್ಚೆಯ ಸಾಲಿಗೆ ಬಂದಾಗ ಬಡಿಯುವುದು ನಿಂತಿತು. "ಹೌದವ್ವಾ, ಎಡಗಿವಿ ಕೆಳಗ ಮಚ್ಚಿ ಇತ್ತು ಅಕಿಗೆ. ಮರ್ತೇ ಬಿಟ್ಟಿದ್ದೆ ನೋಡು" ಅಂದಳು. ಹುಬ್ಬಿನ ಗಾಯ ಸ್ಟೋವ್ ಸಿಡಿದದ್ದಂತೆ. ಇಷ್ಟು ವರ್ಷದಲ್ಲಿ ಅತ್ತಿ ಅವ್ವನ ಬಗ್ಗೆ ಹೇಳಿದ್ದೆಲ್ಲ ಸೇರಿಸಿದರೂ ಇವತ್ತು ಹೇಳಿದಷ್ಟು ಆಗುವುದಿಲ್ಲ. ಆಮೇಲೆ "ಸಾಕು, ರೊಟ್ಟಿ ಆರ್ತಾವು" ಅಂತ ಕಣ್ಣು ಒರೆಸಿಕೊಂಡಳು. ಮೂಗಿನ ಮೇಲೆಲ್ಲ ಹಿಟ್ಟು.

ಓದಿ ಮುಗಿಸಿ ಲ್ಯಾಪ್‌ಟಾಪ್ ತೆಗೆದು ಚಿತ್ರವನ್ನು ಎಷ್ಟು ದೊಡ್ಡದಾಗುತ್ತೋ ಅಷ್ಟು ದೊಡ್ಡದು ಮಾಡಿದೆ. ನನಗೆ ಮಚ್ಚೆ ಕಾಣಲಿಲ್ಲ. ಕಿವಿಯೇ ಕಾಣುವುದಿಲ್ಲ, ವಸ್ತ್ರ ಮುಚ್ಚಿದೆ. ನೆಟ್ಟಿನ ಫೋಟೋ ಸರಿಯಿಲ್ಲ ಅನಿಸುತ್ತದೆ. ಎದುರಿಗೆ ನಿಂತರೆ ವಸ್ತ್ರದ ಅಂಚಿನಲ್ಲಿ ಕಾಣುತ್ತದಾ? ಹುಬ್ಬಿನ ಗೆರೆ ಬಣ್ಣ ಬಿರಿದದ್ದಿರಬೇಕು, ಹಳೆಯ ಚಿತ್ರಗಳಲ್ಲಿ ಹಾಗಾಗುತ್ತದೆ. ನಿನ್ನ ಕಣ್ಣಿಗೆ ಬೀಳದ ಬಿರುಕು ಯಾವುದಿದೆ!

ಗ್ರೂಪ್‌ನಲ್ಲಿ ಬರೆದೆ: "ನಮ್ಮಪ್ಪ ಇವತ್ತಿಗೆ ಹದಿನೇಳು ದಿನದ ಹಿಂದೆ ಅವಳ ಎದುರು ನಿಂತಿದ್ದ." ಎಲ್ಲರೂ ಹೃದಯ ಒತ್ತಿದರು. ಹೃದಯಕ್ಕೆ ಏನಂತ ಉತ್ತರ ಕೊಡುವುದೋ ಅದೂ ಗೊತ್ತಿಲ್ಲ.

ಇವತ್ತು ಗೋಡೆಯ ಫೋಟೋದಿಂದ ಹಾರ ತೆಗೆದು ಧೂಳು ಒರೆಸಿದೆ. ಹಸಿರು ಸೀರೆಯ ಮೇಲೆ ಒಂದು ಬಿಳಿ ಹಾಳೆ ಅಂಟಿಸಿದೆ. ಅತ್ತಿ ಬೈಯಲಿಲ್ಲ.

ನಿನ್ನ ನಿನ್ನ ನಿನ್ನ
ಗ್ರೀಷ್ಮಾ


ನಾಗಪುರ
೨೪ ಜೂನ್ ೨೦೨೫

ಅಪ್ಪಾ,

ಆ ಚಿತ್ರ ಅಲ್ಲಿ ಇಲ್ಲ.

ಪೋರ್ಚುಗಲ್ಲಿನ ಟೀಚರ್ ಗ್ರೂಪ್‌ನಲ್ಲಿ ಬರೆದರು. ವಸಂತದಿಂದಲೇ ಅದನ್ನು ಬೇರೆ ಊರಿನ ಪ್ರದರ್ಶನಕ್ಕೆ ಕಳಿಸಿದ್ದಾರೆ. ಅಕ್ಟೋಬರ್‌ವರೆಗೆ ವಾಪಸ್ ಬರುವುದಿಲ್ಲ. ಅವರು ಹೋದ ವಾರ ಅಲ್ಲಿ ನೋಡಿ ಫೋಟೋ ಹಾಕಿದ್ದಾರೆ. "ನಿಮ್ಮ ತಂದೆ ಬೇರೆ ಯಾವುದೋ ಚಿತ್ರ ನೋಡಿರಬೇಕು" ಅಂತ ಬಹಳ ಮರ್ಯಾದೆಯಿಂದ ಬರೆದಿದ್ದಾರೆ. ಅದು ಇನ್ನೂ ಕೆಟ್ಟದಾಗಿತ್ತು. ನಾನು ನೆಟ್ಟಿನಲ್ಲಿ ಸುತ್ತುತ್ತಿದ್ದ ಅರಮನೆಯ ಫೋಟೋಗಳು ಮೂರು ವರ್ಷ ಹಳೆಯವು. ಅಷ್ಟು ದೊಡ್ಡ ಫ್ಯಾನ್ ಆದ ನಾನು ಅದನ್ನು ಒಂದು ಸಲವೂ ಪರೀಕ್ಷಿಸಲಿಲ್ಲ. ಅದು ನನ್ನ ತಪ್ಪು.

ಆದರೆ ನೀನು?

ನಿನ್ನೆ ಫೋನ್‌ನಲ್ಲಿ ನೀನು "ಊಟ ಆತೇನು?" ಅಂದೆ. ನಾನು "ಆತು" ಅಂದೆ. ಆಗಿರಲಿಲ್ಲ. ಈಗ ಇಬ್ಬರೂ ಸಮ.

ಗ್ರೂಪ್‌ನಿಂದ ಹೊರಗೆ ಬಂದೆ. ಫೋನ್ ಸದ್ದೇ ಮಾಡುವುದಿಲ್ಲ.

ಗ್ರೀಷ್ಮಾ


ನಾಗಪುರ
೨ ಜುಲೈ ೨೦೨೫

ಅಪ್ಪಾ,

ಹೋದ ಕಾಗದ ನಿನಗೆ ಇನ್ನೂ ಮುಟ್ಟಿರುವುದಿಲ್ಲ. ಇದು ಮೊದಲು ಮುಟ್ಟಿದರೆ ಅದನ್ನು ಆಮೇಲೆ ಓದು.

ಇವತ್ತು ಮಧ್ಯಾಹ್ನ ಮಳೆ ಬರುತ್ತಿತ್ತು, ಕರೆಂಟ್ ಇರಲಿಲ್ಲ. ನಿನ್ನ ಜೂನ್ ಎರಡರ ಕಾಗದ ಹರಿಯಬೇಕು ಅಂತ ಕೈಗೆ ತಗೊಂಡೆ. ಅತ್ತಿ ಎರಡು ಹೆಜ್ಜೆಗೆ ಬಂದು ಕಸಿದುಕೊಂಡಳು. ಆ ಮೊಣಕಾಲಿನಲ್ಲಿ!

"ಯಾಕ ಹರೀತಿ? ನಿಮ್ಮಪ್ಪನ ಕಾಗದ ಅದು."

"ಸುಳ್ಳು ಕಾಗದ ಐತಿ ಅತ್ತಿ."

"ಹುಚ್ಚಿ! ಭೀಮ್ಯಾ ಸುಳ್ಳು ಬರೀತಾನ? ಸಣ್ಣಾಂವಿದ್ದಾಗ ಮಾಸ್ತರ್ ಹೊಡೆದ್ರೂ ಹೇಳ್ತಿರ್ಲಿಲ್ಲ ಸುಳ್ಳು." ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹೋಗಿ ಓದಿದಳು. ತಿರುಗಿಸಿದಳು. ಮತ್ತೆ ಮುಂದಿನ ಮಗ್ಗುಲಿಗೆ ಬಂದಳು. "ಇನ್ನೊಂದ್ ಹಾಳಿ ಎಲ್ಲೈತಿ?"

"ಇಷ್ಟೇ ಐತಿ."

"ಮತ್ತ ಸಹಿ ಎಲ್ಲೈತಿ?"

ನಾನು ನೋಡಿದೆ. "ಗ್ಯಾಸ್ ನೋಡಿಕೊಳ್ಳಿರಿ" ಆದ ಮೇಲೆ ಅರ್ಧ ಪುಟ ಖಾಲಿ. ಏಪ್ರಿಲ್ ಕಾಗದ ತೆಗೆದೆವು, ಅದರಲ್ಲಿ ಇದೆ. ಫ್ರಿಜ್ ಮೇಲೆ ನೀನು ಹೋಗುವ ದಿನ ಅಂಟಿಸಿದ "ಕೀಲಿ ಮೊಳೆಗೆ ಹಾಕಿದೆ" ಚೀಟಿ ಇನ್ನೂ ಇದೆ, ಅದರಲ್ಲೂ ಇದೆ. ಇದರಲ್ಲಿ ಮಾತ್ರ ಇಲ್ಲ.

ಅತ್ತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಅದು ಮೊದಲೇ ಸಾಫ್ ಇತ್ತು. "ಮಗಳ ಸಲುವಾಗಿ ಬರದಾನ. ಸಹಿ ಹಾಕಾಕ ಮಾತ್ರ ಕೈ ಬಂದಿಲ್ಲ ಅವಂಗ" ಅಂದಳು.

ಅಪ್ಪಾ, ನಾನು ಸಿಟ್ಟಿನಲ್ಲಿಲ್ಲ. ಮಚ್ಚೆ ಅವ್ವನದೇ, ನಿನ್ನ ನೆನಪಿನದು ಅಂತ ಗೊತ್ತಾಯಿತು. ನಾನು ಅವಳನ್ನು ಆ ಚಿತ್ರದ ಬಣ್ಣದಲ್ಲಿ ಹುಡುಕುತ್ತಿದ್ದೆ.

ನಿಜವಾಗಿ ಅಲ್ಲಿ ಏನಿತ್ತು, ಬರೆ. ಅವ್ವ ಆ ಚಿತ್ರದ ಹಾಗಿದ್ದಳೋ ಇಲ್ಲವೋ, ಅದನ್ನೂ ಬರೆ. ನನಗೆ ಒಳ್ಳೆಯದನ್ನಿಸುವುದು ಬರೆಯಬೇಡ. ನಿನಗೆ ಸಹಿ ಹಾಕಲು ಆಗುವಷ್ಟೇ ಬರೆ. ಒಂದೇ ಸಾಲಾದರೂ ಪರವಾಗಿಲ್ಲ.

ನಿನ್ನ
ಗ್ರೀಷ್ಮಾ


ಟ್ಯೂರಿನ್
೨೦-೭-೨೦೨೫

ಅವ್ವಿ ಗ್ರೀಷ್ಮಾ,

ಎರಡೂ ಕಾಗದ ಒಂದೇ ದಿನ ಮುಟ್ಟಿದವು. ತಾರೀಖಿನ ಪ್ರಕಾರವೇ ಓದಿದೆ.

ಬಾಗಿಲ ಪಕ್ಕ ಎರಡು ಕೊಂಡಿ ಇದ್ದವು. ಅವುಗಳ ನಡುವೆ ಅಂಗೈಯಷ್ಟು ಕಾಗದ. ಫೋನು ಓದಿ ಹೇಳಿತು, ಚಿತ್ರ ಹೊರಗೆ ಹೋಗಿದೆ ಎಂದು. ಕಾವಲಿನವಳು ಅಕ್ಟೋಬರ್ ಎಂದಳು. ನನ್ನ ವಿಮಾನ ಆಗಸ್ಟಿನದು. ಆ ಗೋಡೆಗೆ ಕೆಂಪು ರೇಷ್ಮೆ ಹಚ್ಚಿದ್ದಾರೆ. ಬಿಸಿಲಿಗೆ ಎಲ್ಲ ಕಡೆ ಮಾಸಿದೆ. ಚಿತ್ರ ಇದ್ದಷ್ಟು ಜಾಗ ಮಾತ್ರ ನಿನ್ನೆ ನೇಯ್ದ ಹಾಗೆ ಇತ್ತು. ಅದನ್ನೇ ನೋಡುತ್ತ ನಿಂತೆ. ಬಹಳ ಹೊತ್ತು ನಿಂತೆ ಎಂದು ಬರೆದದ್ದು ನಿಜ.

ಮಗಳು ಗೇಟಿನ ಹತ್ತಿರ ಕಾಯುತ್ತಿರುತ್ತಾಳೆ, ಖಾಲಿ ಗೋಡೆ ನೋಡಿದೆ ಎಂದು ಹೇಗೆ ಬರೆಯಲಿ ಅನಿಸಿತು. ಬರೆಯುತ್ತ ಹೋದೆ. ಕೊನೆಗೆ ಹೆಸರು ಹಾಕುವಾಗ ಪೆನ್ನು ಮುಚ್ಚಿದೆ. ಹಾಗೆಯೇ ಲಕೋಟೆಗೆ ಹಾಕಿದೆ.

ನಿನ್ನ ಪ್ರಶ್ನೆಗೆ ಉತ್ತರ. ನೀನು ಕಳಿಸಿದ ಚಿತ್ರವನ್ನು ಈಗ ಫೋನಿನಲ್ಲಿ ದೀಪದ ಕೆಳಗೆ ಹಿಡಿದು ನೋಡಿದೆ. ಮೊದಲ ಸಲ ಕಳಿಸಿದಾಗ ನೋಡದೆ ಹೆಬ್ಬೆರಳು ಒತ್ತಿದ್ದೆ. ಇಲ್ಲ. ಆ ಹೆಂಗಸು ನೀಲಾನ ಹಾಗಿಲ್ಲ. ಅಕ್ಕನ ಕನ್ನಡಕದ ನಂಬರು ಬದಲಿಸಬೇಕು. ನೀನೂ ನೀಲಾನ ಹಾಗಿಲ್ಲ. ಹಣೆ ನಮ್ಮ ಅವ್ವನದು, ಮೂಗು ನನ್ನದು. ಇದನ್ನು ಬರೆಯಲು ಕಷ್ಟವಾಯಿತು, ಆದರೆ ಹಾಗೇ ಇದೆ. ಆ ಸಣ್ಣ ಫೋಟೋ ಇದ್ದ ಕಾರ್ಡು ಆಫೀಸಿಗೆ ವಾಪಸ್ ಕೊಡಬೇಕಾಯಿತು, ಕೊಟ್ಟೆ.

ಆ ಫೋಟೋದಲ್ಲಿ ಸೀರೆ ಇರಲಿಲ್ಲ. ಮೆರೂನ್ ಸ್ವೆಟರು. ಆಗ ನಾವು ಪಂಜಾಬಿನಲ್ಲಿದ್ದೆವು, ಚಳಿಗಾಲ. ಅಕ್ಕನೇ ಹೆಣೆದು ಕಳಿಸಿದ್ದು, ಒಂದು ತೋಳು ಉದ್ದ ಇತ್ತು. ಉದ್ದ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇರುತ್ತಿದ್ದಳು. ಸ್ಟುಡಿಯೋದವನು "ಸ್ವೆಟರ್ ಮೇ ಅಚ್ಛಾ ನಹೀ ಲಗೇಗಾ ಸಾಬ್" ಎಂದ, ಸ್ವೆಟರಿನಲ್ಲಿ ಚೆಂದ ಕಾಣುವುದಿಲ್ಲವಂತೆ. ಆ ದಿನ ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ನೀನು ಹಾಳೆ ಅಂಟಿಸಿದ್ದು ಒಳ್ಳೆಯದಾಯಿತು.

ಮಚ್ಚೆ ಎಡಗಿವಿಯ ಕೆಳಗೆ. ಹುಬ್ಬಿನ ಗೆರೆ ಬಲಕ್ಕೆ. ನಗುವಾಗ ಮೊದಲು ಮೂಗು ಹಿಗ್ಗುತ್ತಿತ್ತು. ಗ್ರೀಷ್ಮಾ ಎಂದು ಹೆಸರಿಟ್ಟವಳು ಅವಳು. ನಾನು ಬೇಡ ಎಂದಿದ್ದೆ, ಬಿಸಿಲಿನ ಹೆಸರು ಯಾರಾದರೂ ಇಡುತ್ತಾರೇನು ಎಂದು. "ಇಲ್ಲೇ ಹುಟ್ಟ್ಯಾಳ, ಬಿಸಲಿಗೆ ಅಂಜಬಾರದು" ಎಂದಳು.

ವಿಮಾನ ಹೋಗುವಾಗ ಮಾತು ನಿಲ್ಲಿಸುವುದು ಅವಳ ರೂಢಿ. ಕ್ವಾರ್ಟರ್ಸಿನಲ್ಲಿ ತಲೆಯ ಮೇಲೆಯೇ ಹಾರುತ್ತಿದ್ದವು. ಅರ್ಧ ಶಬ್ದಕ್ಕೆ ನಿಲ್ಲಿಸುತ್ತಿದ್ದಳು, ಸದ್ದು ಹೋದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಿದ್ದಳು. ಏನು ಹೇಳುತ್ತಿದ್ದೆ ಎಂದು ಒಂದು ದಿನವೂ ಕೇಳಿದವಳಲ್ಲ. ನಾನು ನಿಲ್ಲಿಸುವುದನ್ನು ಮಾತ್ರ ಕಲಿತೆ.

ಆಗಸ್ಟಿನಲ್ಲಿ ಬರುತ್ತೇನೆ. ಕಾಲ್‌ನಲ್ಲಿ ಗ್ಯಾಸ್ ಬಗ್ಗೆ ಕೇಳಿದರೆ ಕೇಳಿಸಿಕೋ, ನನಗೆ ಬೇರೆ ಶುರು ಮಾಡಲು ಬರುವುದಿಲ್ಲ. ಆಮೇಲೆ ಫೋನು ಅಕ್ಕನಿಗೆ ಕೊಡಬೇಡ.

ಮೇಲೆ ನೀಲಾನ ಬಗ್ಗೆ ಬರೆದಿರುವುದನ್ನೆಲ್ಲ ನನ್ನ ಕಣ್ಣಿಂದ ನೋಡಿದ್ದೇನೆ.

ಭೀಮಪ್ಪ